ಬಂದಾ ರೂಪಾಯಿ ತಿಕ್ಕಬ್ಯಾಡ್ರಿ: ಬ್ರಿಟಿಷ್ ನಾಣ್ಯದ ಬಗ್ಗೆ ಓದುಗರು ಕೇಳಿದ್ದು

ಈ ಸಲ ಕಾಲಂಗೆ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಹಳೇ ನಾಣ್ಯದ್ದ ಅದಾವ್ರಿ. ಬೆಳ್ಳಿ ರೇಟ್ ಏರಿದಾಗಿಂದ ಟ್ರಂಕಿನ ತಳದಾಗ ಮಲಗಿದ್ದ ಬಂದಾ ರೂಪಾಯಿ, ಅಂದ್ರ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ, ಎಲ್ಲಾ ಹೊರಗ ಬರಾಕತ್ತಾವ, ಇನ್ನೊಂದು ಕಡೆ ಹುಡುಗ್ರು ಮೊಬೈಲ್‌ನ್ಯಾಗ ವಿಡಿಯೋ ನೋಡಿ ತಾವೂ ಕಲೆಕ್ಷನ್ ಶುರು ಮಾಡಬೇಕಂತ ಹೊಂಟಾರ. ನಾ ಬೆಳಗಾವ್ಯಾಗ ಇದ್ದು ಇಪ್ಪತ್ತು ವರ್ಷದ ಮ್ಯಾಲ ಈ ನಾಣ್ಯ ಕೊಂಡು, ಮಾರಿ, ಒಂದಿಷ್ಟು ಕಳಕೊಂಡು ಕಲ್ತವ, ಅದಕ್ಕ ಸಂಪಾದಕರು ಈ ಪ್ರಶ್ನೆಗಳನ್ನ ನನ್ನ ಕಡೆ ಕಳಿಸ್ಯಾರ. ಹೆಸರು ಬ್ಯಾಡ ಅಂತ ಭಾಳ ಮಂದಿ ಬರ್ದಾರ, ಹಂಗಾಗಿ ಯಾರ ಹೆಸರೂ ಹಾಕಿಲ್ಲ, ಊರು ಅಷ್ಟ.

ಬೈಲಹೊಂಗಲದಿಂದ ಒಬ್ಬ ತಂಗಿ: ನಮ್ಮ ಅತ್ತಿಯವರು ತೀರಿಕೊಂಡ ಮ್ಯಾಲ ಅವರ ಟ್ರಂಕಿನ್ಯಾಗ ಅರಬಿ ಗಂಟಿನೊಳಗ 43 ಬೆಳ್ಳಿ ರೂಪಾಯಿ ಸಿಕ್ಕಾವ್ರಿ. ಹೆಚ್ಚಿನವು 1917, 1918, 1919ನೇ ಇಸವಿದ್ದು, ಆರೇಳು ರಾಣಿ ಚಿತ್ರದ್ದು. ಪತ್ತಾರರು ಎಲ್ಲಾ ಕೂಡಿಸಿ ತೂಕದ ಮ್ಯಾಲ ತಗೋತೀನಿ, ನೂರಕ್ಕ 20 ಕಡತ, ಅಂದ್ರ ತೂಕದಾಗ ಅಷ್ಟು ಕಳೀತೀನಿ, ಅಂದ್ರು. ನಮ್ಮ ಮನಿಯವರು ನೂರು ವರ್ಷ ಆಗೈತಿ, ಒಂದೊಂದಕ್ಕ ಲಕ್ಷ ಬರ್ತೈತಿ ಅಂತಾರ. ಯಾರದು ಖರೆ?

ಇಬ್ಬರದೂ ಅಲ್ರಿ ತಂಗಿ. ಮೊದಲು ಪತ್ತಾರರ ಲೆಕ್ಕ ನೋಡೋಣ. ಬಂದಾ ರೂಪಾಯಿ ಅಂದ್ರ ಬರೋಬ್ಬರಿ ಒಂದು ತೊಲಿ, ಅಂದ್ರ 11.66 ಗ್ರಾಂ. ಇದು ಹಂಗ ಹೊಂದಿಕೊಂಡು ಬಂದದ್ದಲ್ಲ, ಬ್ರಿಟಿಷರು ರೂಪಾಯಿ ತೂಕಾನ ತೊಲಿ ಅಂತ ಗೊತ್ತು ಮಾಡಿದ್ರು, 80 ರೂಪಾಯಿ ತೂಕ ಆದ್ರ ಒಂದು ಸೇರು, ನಮ್ಮ ಅಜ್ಜಿ ಕಾಲದಾಗ ತಕ್ಕಡ್ಯಾಗ ಕಲ್ಲು ಇರಲಿಲ್ಲ ಅಂದ್ರ ರೂಪಾಯಿ ಹಾಕಿ ತೂಗ್ತಿದ್ರು. ಅದರಾಗ ನೂರಕ್ಕ 91.7 ಭಾಗ ಬೆಳ್ಳಿ, ಉಳಿದದ್ದು ಬೆರಕಿ. ಅಂದ್ರ ಒಂದು ರೂಪಾಯ್ಯಾಗ ಶುದ್ಧ ಬೆಳ್ಳಿ 10.69 ಗ್ರಾಂ. ನಿಮ್ಮ 43ಕ್ಕ ಸುಮಾರು 460 ಗ್ರಾಂ ಆತು. ನೂರಕ್ಕ 20 ಕಡತ ಅಂದ್ರ ಅವರು ನಿಮಗ 401 ಗ್ರಾಂದ್ದು ಮಾತ್ರ ರೊಕ್ಕ ಕೊಡ್ತಾರ, ಸುಮಾರು 59 ಗ್ರಾಂ ಬೆಳ್ಳಿ ಸುಮ್ನ ಬಿಟ್ಟುಕೊಟ್ಟಂಗ. ಖರೆ ಬೆರಕಿ ನೂರಕ್ಕ 8.3 ಅಷ್ಟ. ಕರಗಿಸೋ ಖರ್ಚು, ಸವೆತ ಅಂತ ಅದರ ಮ್ಯಾಲ ಇನ್ನೊಂದು ಎರಡು ಮೂರು ಹಿಡಿದ್ರ ಒಪ್ಪಬಹುದು, 20 ಅಂದ್ರ ಎದ್ದು ಬರ್ರಿ. ಲೆಕ್ಕ ನೆನಪಿಟ್ಕೊಳ್ಳಾಕ ಸರಳ ಐತಿ, ಆ ದಿನದ ಬೆಳ್ಳಿ ರೇಟ್ ಗ್ರಾಂಗೆ 100 ರೂಪಾಯಿ ಇದ್ರ ಒಂದು ನಾಣ್ಯಕ್ಕ 1069, ರೇಟ್ 200 ಇದ್ರ 2138, ಹಿಂಗ ನೀವ ಹಾಕ್ಕೊಂಡು ಹೋಗ್ರಿ. ಅಂಗಡಿಗೆ ಹೋಗೋಕಿಂತ ಮೊದಲ ಮನ್ಯಾಗ ಬರ್ಕೊಂಡು ಹೋಗ್ರಿ, ಅಲ್ಲಿ ಹೋದ ಮ್ಯಾಲ ಅವರ ಕ್ಯಾಲ್ಕ್ಯುಲೇಟರ್ ನಂಬಬ್ಯಾಡ್ರಿ.

ಈಗ ನಿಮ್ಮ ಮನಿಯವರ ಮಾತು. ನೂರು ವರ್ಷ ಆತು ಅನ್ನೋದಕ್ಕ ಬೆಲಿ ಬರಂಗಿಲ್ರಿ, ಎಷ್ಟು ಉಳಿದಾವ, ಎಷ್ಟು ಮಂದಿಗೆ ಬೇಕಾಗ್ಯಾವ, ಮೈ ಹೆಂಗೈತಿ, ಇದರ ಮ್ಯಾಲ ಬೆಲಿ. 1918ರ ರೂಪಾಯಿ ಯಾಕ ಎಲ್ಲರ ಮನ್ಯಾಗೂ ಸಿಗ್ತಾವ ಗೊತ್ತೈತೇನ್ರಿ? ಮೊದಲನೇ ಮಹಾಯುದ್ಧ ನಡೆದಿತ್ತು, ಸೈನ್ಯಕ್ಕ ಮಾಲು ಕೊಂಡದ್ದಕ್ಕ, ಸಿಪಾಯಿಗಳ ಪಗಾರಕ್ಕ ರೂಪಾಯಿ ಬೇಕಾತು, ಮಂದಿ ನೋಟ್ ನಂಬಲಿಲ್ಲ, ಬೆಳ್ಳಿ ಕೊಡ್ರಿ ಅಂದ್ರು, ಸರಕಾರದ ಕಡೆ ಬೆಳ್ಳಿ ತೀರಿಹೋಗೋ ಹಂತಕ್ಕ ಬಂತು. ಆಗ 1918ರ ಏಪ್ರಿಲ್‌ನ್ಯಾಗ ಅಮೆರಿಕದಾಗ ಪಿಟ್ಮನ್ ಕಾಯ್ದೆ ಅಂತ ಮಾಡಿ ಅಲ್ಲಿ ಖಜಾನ್ಯಾಗಿದ್ದ ಬೆಳ್ಳಿ ಡಾಲರ್ ಕರಗಿಸಿ, 25 ಕೋಟಿಗೂ ಹೆಚ್ಚು ಡಾಲರ್‌ದ ಬೆಳ್ಳಿ ಬ್ರಿಟನ್‌ಗೆ ಮಾರಿದ್ರು, ಅದು ಇಲ್ಲಿಗೆ ಬಂದು ನಮ್ಮ ರೂಪಾಯಿ ಆತು. ನಿಮ್ಮ ಅತ್ತಿಯವರ ಗಂಟಿನೊಳಗ ಅಮೆರಿಕದ ಡಾಲರ್ ಕರಗಿದ ಬೆಳ್ಳಿ ಇದ್ರೂ ಇರಬಹುದು. ಕಥಿ ಭಾರಿ ಐತಿ, ಆದ್ರ ಅಷ್ಟು ಛಾಪಿಸಿದ್ದಕ್ಕ ಸವೆದ 1918 ರೂಪಾಯಿಗೆ ಬೆಳ್ಳಿ ಬೆಲಿಗಿಂತ ಸ್ವಲ್ಪ ಹೆಚ್ಚು, ಅಷ್ಟ.

ಹಂಗಂತ ಎಲ್ಲಾ ಕೂಡಿಸಿ ತಕ್ಕಡ್ಯಾಗ ಸುರೀಬ್ಯಾಡ್ರಿ. ಒಂದು ಬಿಳಿ ಅರಬಿ ಹಾಸಿ, ಬೆಳಕಿನ್ಯಾಗ ಕೂತು ಒಂದೊಂದ ಬ್ಯಾರೆ ಮಾಡ್ರಿ. ಹಿಂದ ಈಸ್ಟ್ ಇಂಡಿಯಾ ಕಂಪನಿ ಅಂತ ಇದ್ದು 1835 ಅಥವಾ 1840 ಇಸವಿ ಇದ್ರ ಒಂದು ಕಡೆ ಇಡ್ರಿ. 1835ರದ್ದು ವಿಲಿಯಂ ರಾಜಂದು, 1840ರದ್ದು ಸಣ್ಣ ವಯಸ್ಸಿನ ವಿಕ್ಟೋರಿಯಾದು. ರಾಣಿ ಇದ್ದದ್ದರಾಗ 1862 ಇಸವಿದ್ದು ಬ್ಯಾರೆ ಇಡ್ರಿ, ಅದರಾಗೊಂದು ಮಜಾ ಐತಿ, 1862 ಅಂತ ಅಚ್ಚು ಇದ್ರೂ 1874ರ ತನಕ ಅದ ಇಸವಿ ಹಾಕಿ ಛಾಪಿಸ್ತಾ ಹೋದ್ರು, ಹಿಂದಿನ ಸಣ್ಣ ಸಣ್ಣ ಚುಕ್ಕಿ ಎಣಿಸಿ ಖರೆ ವರ್ಷ ಹುಡುಕೋ ಮಂದಿ ಅದಾರ. 1877ರಿಂದ ಮುಂದ ನಾಣ್ಯದ ಮ್ಯಾಲ ವಿಕ್ಟೋರಿಯಾ ಕ್ವೀನ್ ಅನ್ನೋದು ಹೋಗಿ ವಿಕ್ಟೋರಿಯಾ ಎಂಪ್ರೆಸ್ ಅಂತ ಆತು. ಕಿರೀಟ ಇಲ್ಲದ ಗಡ್ಡದ ರಾಜ ಇದ್ರ ಅಂವ ಏಳನೇ ಎಡ್ವರ್ಡ್, 1903ರಿಂದ 1910. 1911 ಒಂದ ಸಿಕ್ರ ಅದನ್ನ ಯಾರಿಗೂ ತೂಕಕ್ಕ ಕೊಡಬ್ಯಾಡ್ರಿ, ಮುಂದ ಹೇಳ್ತೀನಿ ಯಾಕ ಅಂತ. ಆಮ್ಯಾಲ ಇಸವಿ ಯಾವುದರ ಇರಲಿ, ರಾಜನ ಕಿರೀಟದ ಗೆರಿ, ಮೈಮ್ಯಾಲಿನ ಶಾಲಿನ ಕೆಲಸ ಎಲ್ಲಾ ಎದ್ದು ಕಾಣೋ, ಸವೆಯದ ನಾಣ್ಯ ಇದ್ರ ಅದೂ ಬ್ಯಾರೆ. ಉಳಿದದ್ದು ಬೇಕಾದ್ರ ತೂಕಕ್ಕ ಕೊಡ್ರಿ. ಎರಡು ಮೂರು ಪೂಜಿಗೆ ಇಟ್ಕೊಳ್ರಿ, ಅತ್ತಿಯವರ ಕೈ ಆಡಿದ್ದು.

ಮುಧೋಳದಿಂದ: ನನ್ನ ಕಡೆ ಇರೋ ನಾಣ್ಯ ಎಲ್ಲಾ ಕರ್ರಗಾಗ್ಯಾವ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಫಳಫಳ ಆಗ್ತಾವ, ಟೂತ್‌ಪೇಸ್ಟ್ ಇನ್ನೂ ಛಲೋ ಅಂತಾರ. ಮಾರೋಕಿಂತ ಮೊದಲ ಯಾವುದು ಹಚ್ಚಲಿ?

ಏನೂ ಹಚ್ಚಬ್ಯಾಡ್ರಿ. ಕೈ ಮುಗಿದು ಹೇಳ್ತೀನಿ, ಏನೂ ಹಚ್ಚಬ್ಯಾಡ್ರಿ.

ನಾ ಶುರು ಮಾಡಿದ ಎರಡನೇ ವರ್ಷ ಒಂದು 1840 ರೂಪಾಯಿ ಸಿಕ್ಕಿತ್ತು, ರಾಣಿ ತಲಿಗೂದಲದ ಎಳಿ ಎಳಿ ಕಾಣ್ತಿದ್ವು, ಮೈಮ್ಯಾಲ ಬೂದಿ ಬಣ್ಣ, ಅಂಚಿಗೆ ಸ್ವಲ್ಪ ನೀಲಿ. ನನಗ ಅದು ಹೊಲಸು ಅನಿಸ್ತು. ಹುಣಸಿಹಣ್ಣು, ಬೂದಿ ಹಚ್ಚಿ ಹಿತ್ತಲದಾಗ ಕೂತು ಕಾಲು ತಾಸು ತಿಕ್ಕಿದೆ. ಕನ್ನಡಿ ಆದಂಗ ಆತು. ಖುಷಿಯಿಂದ ಒಬ್ಬ ಹಿರಿಯ ಸಂಗ್ರಾಹಕರ ಕಡೆ ಒಯ್ದೆ, ಅವರು ಭೂತಗನ್ನಡಿ ಹಿಡಿದು ನಾಣ್ಯ ಓರೆ ಮಾಡಿ ಲೈಟಿಗೆ ತಿರುಗಿಸಿದ್ರು, ಒಂದು ಮಾತೂ ಆಡಲಿಲ್ಲ, ಭೂತಗನ್ನಡಿ ನನ್ನ ಕೈಯಾಗ ಕೊಟ್ರು. ನೋಡಿದ್ರ ರಾಣಿ ಗಲ್ಲದ ಮ್ಯಾಲ ಒಂದ ದಿಕ್ಕಿಗೆ ಸಾವಿರ ಸಣ್ಣ ಗೆರಿ, ಹೊಲದಾಗ ಕುಂಟಿ ಹೊಡೆದಂಗ. ಹಿಂದಿನ ದಿನ ಅವರು ಕೇಳಿದ್ದ ಬೆಲಿಯ ಅರ್ಧಾನೂ ಹೊಳ್ಳಿ ಹೇಳಲಿಲ್ಲ. ಆ ನಾಣ್ಯ ಇವತ್ತಿಗೂ ನನ್ನ ಕಡೆ ಐತಿ, ಹೊಸಬರು ಬಂದ್ರ ಮೊದಲ ಅದನ್ನ ತೋರಿಸ್ತೀನಿ.

ಅಚ್ಚು ಬಡಿದಾಗ ಲೋಹ ನಡುವಿಂದ ಅಂಚಿಗೆ ಹರೀತೈತಿ, ಆಗ ಮೈಮ್ಯಾಲ ಕಣ್ಣಿಗೆ ಕಾಣದಷ್ಟು ಸಣ್ಣ ಗೆರಿ ಬೀಳ್ತಾವ. ನಾಣ್ಯ ತಿರುಗಿಸಿದಾಗ ಹೊಳಪು ಚಕ್ರದಂಗ ಸುತ್ತೋದು ಇದರಿಂದ. ತಿಕ್ಕಿದ್ರ ಈ ಗೆರಿ ಹೋಗ್ತಾವ, ಮತ್ತ ಯಾರೂ ತಂದು ಕೊಡಾಕ ಆಗಂಗಿಲ್ಲ. ಕಪ್ಪು ಅಂದ್ರ ಬೆಳ್ಳಿಗೆ ಗಾಳ್ಯಾಗಿನ ಗಂಧಕ ಕೂಡಿ ಆದದ್ದು, ಅದು ನಾಣ್ಯಕ್ಕ ಕೆಟ್ಟದ್ದಲ್ಲ, ತಿಳಿದವರು ಆ ಬಣ್ಣಕ್ಕ ರೊಕ್ಕ ಜಾಸ್ತಿ ಕೊಡ್ತಾರ. ಮಣ್ಣು ಹತ್ತಿದ್ರ ಡಿಸ್ಟಿಲ್ಡ್ ವಾಟರ್‌ದಾಗ ಒಂದಿನ ನೆನಸಿ ಇಟ್ಟು, ಹತ್ತಿ ಅರಬಿ ಮ್ಯಾಲ ಒತ್ತಿ ಒಣಗಿಸ್ರಿ, ಒರಸಬ್ಯಾಡ್ರಿ.

ತಾಮ್ರದ್ದಂತೂ ಇನ್ನೂ ಸೂಕ್ಷ್ಮ, ತಿಕ್ಕಿದ ತಾಮ್ರದ ಕೆಂಪು ಬಣ್ಣ ದೂರದಿಂದ ಗೊತ್ತಾಗ್ತೈತಿ. ಹಿಡಿಯೋದೂ ಅಂಚಿಗೆ ಹಿಡೀರಿ, ಬೆವತ ಬೆರಳಿನ ಗುರುತು ಮೂರು ನಾಕು ತಿಂಗಳಿಗೆ ಕಲಿ ಆಗಿ ಕೂಡತೈತಿ. ಮೆತ್ತನ್ನ ಪಿವಿಸಿ ಕವರ್‌ದಾಗ ಇಡಬ್ಯಾಡ್ರಿ, ಹಸಿರು ಅಂಟು ಹತ್ತತೈತಿ. ನಮ್ಮ ಬೆಳಗಾವಿ ಮಳಿಗೆ ಅಲ್ಮಾರ್ಯಾಗ ಸಿಲಿಕಾ ಜೆಲ್ ಪುಡಿಕಿ ಇಡಾಕ ಬೇಕು, ನಿಮ್ಮ ಮುಧೋಳ ಕಡೆ ಅಷ್ಟು ಥಂಡಿ ಇಲ್ಲ, ಆದ್ರೂ ಇಟ್ರ ತಪ್ಪಿಲ್ಲ.

ಇಳಕಲ್ಲಿನಿಂದ: ಒಂದು ಕಡೆ ರಾಮ ಸೀತಾ ಲಕ್ಷ್ಮಣ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಇರೋ ನಾಣ್ಯ ಐತಿ. ಅದು ಅಕ್ಕಿಕಾಳನ್ನ ಚುಂಬಕದಂಗ ತನ್ನ ಕಡೆ ಎಳೀತೈತಿ ಅಂದ್ರ 10 ಲಕ್ಷ ಕೊಡ್ತೀವಿ, ಮೊದಲು ಟೆಸ್ಟಿಂಗ್ ಫೀ 15 ಸಾವಿರ ಕಟ್ರಿ ಅಂತ ಫೋನ್ ಬಂದೈತಿ.

ಕಟ್ಟಬ್ಯಾಡ್ರಿ, ಫೋನ್ ಇಡ್ರಿ. ಕಂಪನಿ ಸರಕಾರ 1818ರಾಗ ರಾಮಪಟ್ಟಾಭಿಷೇಕದ ನಾಣ್ಯ ಛಾಪಿಸೇ ಇಲ್ಲ. ಅವು ಇತ್ತೀಚೆಗೆ ಮಾಡಿದ ಹಿತ್ತಾಳಿ ತಾಮ್ರದ ಬಿಲ್ಲಿ, ಜಾತ್ರ್ಯಾಗ ಐವತ್ತು ನೂರಕ್ಕ ಸಿಗ್ತಾವ. ರಾಮಟಂಕಿ ಅಂತ ಪೂಜಿಗೆ ಬಿಲ್ಲಿ ಮಾಡೋ ರೂಢಿ ಹಿಂದಿನಿಂದ ಐತಿ, ಅವು ಬ್ಯಾರೆ, ಅವಕ್ಕೂ ಕಂಪನಿಗೂ ಸಂಬಂಧ ಇಲ್ಲ. ನಾಣ್ಯ ಅಕ್ಕಿ ಎಳಿಯೋದು ಅನ್ನೋದು ಹದಿನಾರಾಣೆ ಸುಳ್ಳು, ಈ ರೈಸ್ ಪುಲ್ಲರ್ ಆಟಕ್ಕ ಹೊಲ ಮಾರಿದ ಮಂದಿ ಅದಾರ್ರಿ, ನೆನಸಿದ್ರ ಹೊಟ್ಟಿ ಉರೀತೈತಿ. ವೈಷ್ಣೋದೇವಿ ಚಿತ್ರದ 5 ರೂಪಾಯಿ, ನಂಬರಿನ್ಯಾಗ 786 ಇರೋ ನೋಟು ಇಂಥವಕ್ಕ ಲಕ್ಷ ಕೊಡ್ತೀವಿ ಅನ್ನೋದೂ ಇದ ಜಾತಿ. 2021ರ ಆಗಸ್ಟ್‌ನ್ಯಾಗ ರಿಸರ್ವ್ ಬ್ಯಾಂಕ್ ಬಹಿರಂಗವಾಗಿ ಹೇಳೈತಿ, ಹಳೇ ನೋಟು ನಾಣ್ಯದ ವ್ಯವಹಾರ ನಾವು ಮಾಡಂಗಿಲ್ಲ, ಅದಕ್ಕ ಫೀ ಕಮಿಷನ್ ಕೇಳಂಗಿಲ್ಲ, ಯಾರಿಗೂ ಹಂಗ ಅಧಿಕಾರ ಕೊಟ್ಟಿಲ್ಲ ಅಂತ. ಕೊಳ್ಳೋರು ನಿಮಗ ರೊಕ್ಕ ಕೊಡಬೇಕು, ನಿಮ್ಮ ಕಡೆಯಿಂದ ಮೊದಲು ಕೇಳಿದ್ರ ಅಲ್ಲಿಗೆ ಮಾತು ಮುಗೀತು.

ಬೆಳಗಾವಿ ಶಹಾಪುರದಿಂದ ಕಾಲೇಜು ಹುಡುಗ: ತಿಂಗಳಿಗೆ ಒಂದು ಸಾವಿರ ಉಳಿಸಬಲ್ಲೆ ಸರ್. ಬ್ರಿಟಿಷ್ ನಾಣ್ಯ ಕಲೆಕ್ಷನ್ ಶುರು ಮಾಡಬೇಕಂತೀನಿ, ಯಾವುದರಿಂದ ಶುರು ಮಾಡ್ಲಿ, ಮುಂದ ಲಾಭ ಬರ್ತೈತೇನು?

ಲಾಭದ್ದು ಆಮ್ಯಾಲ ನೋಡೋಣ ತಮ್ಮಾ. ಮೊದಲ ಆರು ತಿಂಗಳು ಬೆಳ್ಳಿ ಮುಟ್ಟಬ್ಯಾಡ, ತಾಮ್ರ ಕೊಳ್ಳು. ಕಾಲಾಣೆ, ಅರ್ಧ ಪೈಸೆ, ಪೈ, ನಡುವ ತೂತಿರೋ 1943ರಿಂದ 1947ರ ತನಕದ ಪೈಸೆ, ಇವು ಹತ್ತಿಪ್ಪತ್ತು ರೂಪಾಯಿಂದ ಶುರು ಆಗ್ತಾವ, ಯಾಮಾರಿದ್ರೂ ಎದಿ ಒಡಿಯಂಗಿಲ್ಲ, ಕಣ್ಣು ಮಾತ್ರ ಪಳಗತೈತಿ. 1906ಕ್ಕ ಕಾಲಾಣೆ ತಾಮ್ರದಿಂದ ಕಂಚಿಗೆ ಬದಲಾತು, ಎರಡೂ ಕೈಯಾಗ ಹಿಡಿದು ನೋಡು, ಹಗುರ ಯಾವುದು ದಪ್ಪ ಯಾವುದು ಬೆರಳಿಗೆ ಗೊತ್ತಾಗ್ತೈತಿ. ನಮ್ಮ ಭಾಗ ಮುಂಬೈ ಪ್ರಾಂತ್ಯಕ್ಕ ಸೇರಿತ್ತಲ್ಲ, ಅದಕ್ಕ 1830ರ ಆಸುಪಾಸಿನ ತಕ್ಕಡಿ ಚಿತ್ರದ ಮುಂಬೈ ಕಾಲಾಣೆ ಇಲ್ಲಿ ಹಳೇ ಸಾಮಾನಿನ ಮೋಡಕಾ ಬಜಾರದಾಗೂ ಒಮ್ಮೊಮ್ಮೆ ಕಾಣ್ತೈತಿ. ತಕ್ಕಡಿ ನಡುವ ಪರ್ಶಿಯನ್‌ದಾಗ ಅದಲ್, ಅಂದ್ರ ನ್ಯಾಯ, ಅಂತ ಬರ್ದಿರ್ತಾರ. ನನಗ ಭಾಳ ಪ್ರೀತಿ ಆ ನಾಣ್ಯದ ಮ್ಯಾಲ.

ಎಲ್ಲಾ ಕೊಳ್ಳಾಕ ಹೋಗಬ್ಯಾಡ, ಒಬ್ಬ ರಾಜ ಇಲ್ಲಾ ಒಂದ ಜಾತಿ ನಾಣ್ಯ ಹಿಡಿ. ಐದನೇ ಜಾರ್ಜ್‌ನ ಕಾಲಾಣೆ ಇಸವಿವಾರು ಕೂಡಿಸ್ತೀನಿ ಅಂದ್ರೂ ಸಾಕು ವರ್ಷಗಟ್ಟಲೆ ಕೆಲಸ. ಆಮ್ಯಾಲ ಟಂಕಸಾಲಿ ಗುರುತು, ಅಂದ್ರ ನಾಣ್ಯ ಎಲ್ಲಿ ಛಾಪಿಸಿದ್ದು ಅನ್ನೋ ಗುರುತು, ನೋಡೋದು ಕಲಿ, ಐದನೇ ಜಾರ್ಜ್ ರೂಪಾಯಿ ಹಿಂದ ಕೆಳಗಿನ ಕಮಲದ ಹತ್ರ ಸಣ್ಣ ಉಬ್ಬು ಚುಕ್ಕಿ ಇದ್ರ ಮುಂಬೈದು, ಇರದಿದ್ರ ಕಲ್ಕತ್ತಾದು. ಐದು ಸವೆದ ನಾಣ್ಯ ಕೊಳ್ಳೋಕಿಂತ ಅಷ್ಟ ರೊಕ್ಕಕ್ಕ ಒಂದ ಛಲೋ ನಾಣ್ಯ ಕೊಳ್ಳು, ಹೊಳ್ಳಿ ಮಾರುವಾಗ ಕೇಳೋರು ಇರ್ತಾರ. ಮತ್ತ ಒಂದು ವಹಿ ಮಾಡು, ಯಾವತ್ತು, ಎಷ್ಟಕ್ಕ, ತೂಕ ಎಷ್ಟು, ಎಲ್ಲಾ ಬರೀ. ನನ್ನ ಮೊದಲ ಮೂರು ವರ್ಷದ ಲೆಕ್ಕ ನಾ ಬರೆದಿಟ್ಟಿಲ್ಲ, ಈಗ ಯಾವುದು ಎಲ್ಲಿಂದ ಬಂತು ಅಂತ ನೆನಪಾಗಂಗಿಲ್ಲ, ಭಾಳ ಕೆಟ್ಟ ಅನಿಸ್ತೈತಿ.

ಬೆಳಗಾವಿ ಕ್ಯಾಂಪ್ ಏರಿಯಾದಿಂದ ಒಬ್ಬ ಟೀಚರ್: ನಮ್ಮ ಮುತ್ತಜ್ಜ ಮಿಲಿಟರ್ಯಾಗ ಇದ್ರು. ಅವರ ಡಬ್ಬ್ಯಾಗ ಒನ್ ಪೆನ್ನಿ 1917, ಹಾಫ್ ಕ್ರೌನ್ 1916, ಇನ್ನೊಂದು 1921 ಅಂತ ಅದಾವ. ಇವು ಇಂಡಿಯಾದ್ದಲ್ಲ ಅಂತ ಅಂಗಡಿಯವರು ಮುಟ್ಟಲಿಲ್ಲ. ಇವಕ್ಕ ಬೆಲಿ ಐತೇನು? ಗಿನ್ನಿ ಬಗ್ಗೆನೂ ಒಂದು ಮಾತು ಹೇಳ್ರಿ.

ಅವು ಖಾಸ ಇಂಗ್ಲೆಂಡಿನ ನಾಣ್ಯ ಮೇಡಂ. ಅಲ್ಲಿ ಲೆಕ್ಕ ಬ್ಯಾರೆ, 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್, 1971ರ ಫೆಬ್ರುವರಿ 15ಕ್ಕ ಅದನ್ನ ಬಿಟ್ಟು ನೂರರ ಲೆಕ್ಕಕ್ಕ ಬಂದ್ರು. ನಾವು 1957ರ ಏಪ್ರಿಲ್‌ದಾಗ ಆಣೆ ಬಿಟ್ಟಂಗ. ಪೆನ್ನಿ ಕಂಚಿಂದು, ಹಿಂದ ತ್ರಿಶೂಲ ಹಿಡಿದು ಕೂತ ಹೆಣ್ಮಗಳು ಬ್ರಿಟಾನಿಯಾ, 1917ರಾಗ ಅವನ್ನ ರಾಶಿ ರಾಶಿ ಛಾಪಿಸ್ಯಾರ, ಅದಕ್ಕ ರೊಕ್ಕ ಹೆಚ್ಚು ಬರಂಗಿಲ್ಲ. ಹಾಫ್ ಕ್ರೌನ್ ಅಂದ್ರ ಎರಡೂವರಿ ಶಿಲಿಂಗ್, ತೂಕ 14.14 ಗ್ರಾಂ. ಇಲ್ಲಿ ಇಸವಿ ಮುಖ್ಯ, ಇಂಗ್ಲೆಂಡಿನ ಬೆಳ್ಳಿ ನಾಣ್ಯ 1919ರ ತನಕ ನೂರಕ್ಕ 92.5 ಬೆಳ್ಳಿ, 1920ರಿಂದ 1946ರ ತನಕ ಬರೇ 50, 1947ರಿಂದ ಬೆಳ್ಳಿನ ಇಲ್ಲ. ಹಂಗಾಗಿ ನಿಮ್ಮ 1916ದಾಗ 13 ಗ್ರಾಂ ಬೆಳ್ಳಿ, 1921ದಾಗ 7 ಗ್ರಾಂ. ನೋಡಾಕ ಎರಡೂ ಒಂದ ನಮೂನಿ. ಇಲ್ಲಿ ಇವುಗಳಿಗೆ ಗಿರಾಕಿ ಕಡಿಮಿ, ಬೆಂಗಳೂರಿನ ನಾಣ್ಯ ಪ್ರದರ್ಶನಕ್ಕ ಹೋದ್ರ ಸಿಗ್ತಾರ. ನಾ ಆದ್ರ ಮಾರಂಗಿಲ್ಲ, ಮುತ್ತಜ್ಜನ ಸರ್ವಿಸ್ ಕಾಗದ ಇದ್ರ ಅದರ ಜೋಡಿ ಇಡ್ತೀನಿ.

ಇನ್ನ ನೀವು ಕೇಳಿದ ಗಿನ್ನಿ. ನಮ್ಮ ಕಡೆ ಗಿನ್ನಿ, ಪವನು ಅನ್ನೋದು ಇಂಗ್ಲೆಂಡಿನ ಸಾವರಿನ್ ನಾಣ್ಯಕ್ಕ, ಅದು 7.98 ಗ್ರಾಂ, 22 ಕ್ಯಾರೆಟ್ ಬಂಗಾರ. 1918 ಇದ್ದು, ಕುದುರಿ ಕಾಲಕೆಳಗಿನ ನೆಲದ ಗೆರಿ ಮ್ಯಾಲ ಸಣ್ಣ ಐ ಅಕ್ಷರ ಇದ್ರ ಅದು ಮುಂಬೈದಾಗ ಛಾಪಿಸಿದ್ದು. ಪವನಿಗೆ ಸರಕ್ಕ ಪೋಣಿಸೋ ಕೊಂಡಿ ಬೆಸೆದಿದ್ರ ಸಂಗ್ರಾಹಕರು ತಗೊಳ್ಳಂಗಿಲ್ಲ, ಬಂಗಾರದ ಬೆಲಿ ಮಾತ್ರ.

ಬಾಗಲಕೋಟಿ ನವನಗರದಿಂದ: ನಕಲಿ ಹೆಂಗ ಹಿಡಿಯೋದು? ಆನ್‌ಲೈನ್‌ನ್ಯಾಗ 1939ರ ರೂಪಾಯಿ 3 ಸಾವಿರಕ್ಕ, ಮತ್ತ "1924 ಬೆಳಗಾವಿ ಕಾಂಗ್ರೆಸ್, ಗಾಂಧಿ ಬಂದ ವರ್ಷದ ಬೆಳ್ಳಿ ರೂಪಾಯಿ" ಅಂತ 5 ಸಾವಿರಕ್ಕ ಇಟ್ಟಾರ. ತಗೊಳ್ಲಾ?

ಎರಡೂ ಬಿಡ್ರಿ. 1924ರಾಗ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನ ಬೆಳಗಾವ್ಯಾಗ ಆದದ್ದು ಖರೆ, ನಮಗೆಲ್ಲಾ ಹೆಮ್ಮೆ ಐತಿ, ಆದ್ರ ಆ ಇಸವಿ ಹಾಕಿ ಒಂದು ರೂಪಾಯಿ ನಾಣ್ಯ ಛಾಪಿಸೇ ಇಲ್ಲ. ಐದನೇ ಜಾರ್ಜ್ ರೂಪಾಯಿ 1922ಕ್ಕ ನಿಂತು, ಮತ್ತ 1936ರ ಇಸವಿ ಹಾಕಿ ಬಂತು, ನಡುವಿನ ವರ್ಷದ್ದು ಇಲ್ಲ. ಆ ವರ್ಷದ ನೆನಪು ಬೇಕಂದ್ರ 1924ರ ಕಾಲಾಣೆ ಹುಡುಕ್ರಿ, ಅದು ಐತಿ, ಅಗ್ಗ ಸಿಗ್ತೈತಿ. 1939ರ ಬೆಳ್ಳಿ ರೂಪಾಯಿ ಭಾಳ ಅಪರೂಪ, ಅದಕ್ಕ ಅದರ ನಕಲಿ ಎಲ್ಲಾ ಕಡೆ. 3 ಸಾವಿರಕ್ಕ ಖರೆ 1939 ಯಾರೂ ಕೊಡಂಗಿಲ್ಲ, ಹೊಸಬರು ಎಷ್ಟ ಬೆಲಿ ಹೇಳಿದ್ರೂ ಆ ಇಸವಿ ಮುಟ್ಟಬ್ಯಾಡ್ರಿ.

1911 ಬಗ್ಗೆ ಹೇಳ್ತೀನಿ ಅಂದಿದ್ದೆ. ಆ ವರ್ಷದ ರೂಪಾಯ್ಯಾಗ ರಾಜನ ನಿಲುವಂಗಿ ಮ್ಯಾಲ ಒಂದು ಸಣ್ಣ ಆನಿ ಐತಿ, ಸೊಂಡಿ ಗಿಡ್ಡ ಆಗಿ ಅದು ಹಂದಿ ಕಂಡಂಗ ಕಂಡು ಮಂದಿ ಸಿಟ್ಟಾದ್ರು, 1912ಕ್ಕ ಸೊಂಡಿ ಉದ್ದ ಮಾಡಿ ತಿದ್ದಿದ್ರು. ಅದಕ್ಕ 1911ಕ್ಕ ಬೆಳ್ಳಿಗಿಂತ ಛಲೋ ಬೆಲಿ, ಅದಕ್ಕ ಅದರದೂ ನಕಲಿ. ಕೊಳ್ಳುವಾಗ ಇಸವಿ ಒಂದ ನೋಡಬ್ಯಾಡ್ರಿ, ಆನಿ ನೋಡ್ರಿ, 1911 ಅಂತ ಇದ್ದು ಆನಿ ಸೊಂಡಿ ಉದ್ದ ಇದ್ರ ಇಸವಿ ತಿದ್ದ್ಯಾರ ಅಂತ ತಿಳೀರಿ.

ಇನ್ನ ಪರೀಕ್ಷೆ. 0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ತಗೊಳ್ರಿ, ಇದು ಇಲ್ದ ಬೆಳ್ಳಿ ಕೊಳ್ಳಾಕ ಹೋಗಬ್ಯಾಡ್ರಿ. ತೂಕ 11.66, ಸವೆದಿದ್ರ 11.4 ತನಕ ಇಳಿದಿರಬಹುದು, 10 ಗ್ರಾಂ ಬಂದ್ರ ಅದು ದೀಪಾವಳಿ ಪೂಜಿಗೆ ಮಾಡಿದ ರಾಜಾ ಛಾಪ್ ಬಿಲ್ಲಿ ಇರಬಹುದು. ಆಮ್ಯಾಲ ನೀರಿನ ಪರೀಕ್ಷೆ, ನಾ ಮನ್ಯಾಗ ಪ್ರತಿ ರೂಪಾಯಿಗೂ ಮಾಡ್ತೀನಿ. ತಕ್ಕಡಿ ಮ್ಯಾಲ ಒಂದು ಸಣ್ಣ ಲೋಟ ನೀರಿಟ್ಟು ಸೊನ್ನಿಗೆ ತರ್ರಿ. ನಾಣ್ಯಕ್ಕ ತೆಳ್ಳನ್ನ ದಾರ ಕಟ್ಟಿ ನೀರಾಗ ಪೂರ್ತಿ ಮುಳುಗಿಸಿ, ತಳಕ್ಕ ಬದಿಗೆ ತಾಗದಂಗ ಕೈಯಾಗ ಹಿಡಿದು ನಿಲ್ಲಿಸ್ರಿ, ಮೈಗೆ ಹತ್ತಿದ ಗುಳ್ಳಿ ಹೋಗಲಿ. ತಕ್ಕಡಿ 1.13 ಆಸುಪಾಸು ತೋರಿಸಬೇಕು. 11.66ನ್ನ 1.13ರಿಂದ ಭಾಗಿಸಿದ್ರ 10.3, ಇದು 91.7 ಬೆಳ್ಳಿಯ ಸಾಂದ್ರತೆ. ಹಿತ್ತಾಳಿ ಮ್ಯಾಲ ಬೆಳ್ಳಿ ನೀರು ಕುಡಿಸಿದ್ದಾದ್ರ 1.35ರ ಮ್ಯಾಲ ಹೋಗ್ತೈತಿ. ಅಚ್ಚಿನ ಬದಲಿ ಎರಕ ಹೊಯ್ದ ನಕಲಿ ಇದ್ರ ಭೂತಗನ್ನಡ್ಯಾಗ ಅಕ್ಷರದ ಅಂಚು ಸವೆದ ಸಾಬೂನದಂಗ ಮೆತ್ತಗ ಕಾಣ್ತಾವ, ಮೈಮ್ಯಾಲ ಸೂಜಿ ಚುಚ್ಚಿದಂಗ ತೂತು, ಅಂಚಿಗೆ ಜೋಡಿಸಿದ ಗೆರಿ.

ಲೋಹಚುಂಬಕ ಒಂದನ್ನ ನಂಬಬ್ಯಾಡ್ರಿ. 1947ರ ಹುಲಿ ಚಿತ್ರದ ರೂಪಾಯಿ ನಿಕ್ಕಲ್‌ದು, ಅದು ಖರೆ ನಾಣ್ಯ ಇದ್ರೂ ಚುಂಬಕಕ್ಕ ಹತ್ತತೈತಿ, ಇನ್ನ ತಾಮ್ರದ ನಕಲಿ ಹತ್ತಂಗೇ ಇಲ್ಲ. ಮತ್ತ 1940ರಿಂದ 1945ರ ತನಕದ ಆರನೇ ಜಾರ್ಜ್ ರೂಪಾಯ್ಯಾಗ ಬೆಳ್ಳಿ ಅರ್ಧಾನ, 5.83 ಗ್ರಾಂ, ತೂಕ ಮಾತ್ರ ಅದ ಒಂದು ತೊಲಿ. ಅದನ್ನ 91.7 ಲೆಕ್ಕದಾಗ ಮಾರೋರು ಅದಾರ, ಇಸವಿ ನೋಡಿ ರೊಕ್ಕ ಕೊಡ್ರಿ.

ಇಂಡಿ ತಾಲೂಕಿನಿಂದ ಒಬ್ಬ ರೈತರು: ಹೊಲ ರಂಟಿ ಹೊಡೆಯುವಾಗ ಮಡಕಿ ತುಂಬ ನಾಣ್ಯ ಸಿಕ್ರ ಇಟ್ಕೋಬಹುದೇನ್ರಿ?

ಇಟ್ಕೊಳ್ಳಾಕ ಬರಂಗಿಲ್ಲ ಅಣ್ಣಾರ. ನೆಲದಾಗ ಸಿಕ್ಕದ್ದು ನಿಧಿ, 1878ರಿಂದಲೂ ಅದಕ್ಕ ಕಾಯ್ದೆ ಐತಿ, ಡಿಸಿಗೆ ತಿಳಿಸಬೇಕು, ತಹಶೀಲ್ದಾರ್ ಕಚೇರಿಗೆ ಲಿಖಿತ ಕೊಟ್ಟು ಸಹಿ ಮಾಡಿಸಿದ ಪ್ರತಿ ಇಟ್ಕೊಳ್ರಿ. ಮುಚ್ಚಿಟ್ಟು ಮಾರಿದ್ರ ಕೇಸ್ ಆಗ್ತೈತಿ. ಕೊಳ್ಳೋರಿಗೂ ಹೇಳ್ತೀನಿ, ಮಣ್ಣು ಹತ್ತಿದ ನಾಣ್ಯ ರಾತ್ರಿ ತಂದು ಅಗ್ಗಕ್ಕ ಕೊಡ್ತೀನಿ ಅಂದ್ರ ಬಾಗಲಾ ತೆಗೀಬ್ಯಾಡ್ರಿ.

ಗೋಕಾಕದಿಂದ: ನಾಕು ವರ್ಷ ಕೂಡಿಸಿದ ನಾಣ್ಯ ಈಗ ಮಗಳ ಫೀ ಸಲುವಾಗಿ ಮಾರಬೇಕು. ನಾ 18 ಸಾವಿರ ಹಾಕೀನಿ, ಡೀಲರ್ 9 ಸಾವಿರ ಅಂತಾರ. ಮೋಸ ಅಲ್ಲೇನು?

ಮೋಸ ಅಂತ ತಕ್ಷಣ ಅನ್ನಾಕ ಬರಂಗಿಲ್ರಿ, ನಿಮ್ಮ ನೋವು ಮಾತ್ರ ತಿಳೀತೈತಿ. ಡೀಲರ್ ತಾವು ಮಾರೋ ಬೆಲಿಗೆ ಕೊಳ್ಳಂಗಿಲ್ಲ, ಅಂಗಡಿ ಬಾಡಗಿ, ವರ್ಷಗಟ್ಟಲೆ ಮಾಲು ಕೂತಿರೋದು, ಎಲ್ಲಾ ಅವರ ಮ್ಯಾಲ. ಚಿಲ್ರಿ ಕಾಲಾಣೆ ಆಣೆಗಳಿಗೆ ಅರ್ಧಕ್ಕಿಂತ ಕಡಿಮಿ ಹೇಳ್ತಾರ, ಬೆಳ್ಳಿ ರೂಪಾಯಿಗೆ ಹಂಗ ಮಾಡಾಕ ಬರಂಗಿಲ್ಲ, ಬೆಳ್ಳಿ ರೇಟ್ ಎಲ್ಲರಿಗೂ ಗೊತ್ತು. ಅದಕ್ಕ ಒಂದ ಗಂಟು ಕಟ್ಟಿ ಮಾರಬ್ಯಾಡ್ರಿ. ಬೆಳ್ಳಿ ಬ್ಯಾರೆ ಮಾಡಿ ಬೈಲಹೊಂಗಲದ ತಂಗಿಗೆ ಹೇಳಿದ ಲೆಕ್ಕದಾಗ ಮೂರು ಕಡೆ ರೇಟ್ ಕೇಳ್ರಿ, ಸವೆದದ್ದು ಅಲ್ಲೇ ಕೊಡ್ರಿ. ಛಲೋ ಮೈ ಇದ್ದ ಹತ್ತು ಹದಿನೈದು ನಾಣ್ಯ ಇಟ್ಕೊಂಡು ನೇರ ಸಂಗ್ರಾಹಕರಿಗೆ ಮಾರ್ರಿ. ಫೋಟೋ ಹಗಲು ಬೆಳಕಿನ್ಯಾಗ, ಕಿಟಕಿ ಹತ್ರ, ಫ್ಲ್ಯಾಶ್ ಇಲ್ದ, ಎರಡೂ ಕಡೆ ಮತ್ತ ಅಂಚು, ತಕ್ಕಡಿ ಮ್ಯಾಲ ಇಟ್ಟದ್ದೂ ಒಂದು. ಗೀರು ಇದ್ರ ನೀವ ತೋರಿಸ್ರಿ, ಒಮ್ಮೆ ನಂಬಿಗಿ ಕುಂತ್ರ ಅದ ಗಿರಾಕಿ ಹೊಳ್ಳಿ ಬರ್ತಾನ. ಅಂಗಡಿಯವರು ಇಟ್ಟ ಬೆಲಿ ನೋಡಿ ನಿಮ್ಮ ಬೆಲಿ ಕಟ್ಟಬ್ಯಾಡ್ರಿ, ಹರಾಜಿನ್ಯಾಗ ಖರೆ ಎಷ್ಟಕ್ಕ ಹೋತು ಅನ್ನೋದು ನೋಡ್ರಿ, ಹೇಳೋದು ಲಕ್ಷ ಹೇಳಬಹುದು. ರೊಕ್ಕ ಖಾತೆಗೆ ಬಂದ ಮ್ಯಾಲ ಪಾರ್ಸೆಲ್, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ರಿ ರೊಕ್ಕ ಬರ್ತೈತಿ ಅಂದ್ರ ಅಂವ ಕಳ್ಳ. ಮತ್ತ ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದಿ ಒಳಗ ಬರ್ತೈತಿ, ಪರದೇಶಕ್ಕ ಕಳಿಸಾಕ ಬರಂಗಿಲ್ಲ, ಲಂಡನ್ ಗಿರಾಕಿ ಡಬಲ್ ಕೊಡ್ತೀನಿ ಅಂದ್ರೂ ಬ್ಯಾಡ. ಅಂಥವನ್ನ ಮಾರೋದನ್ನ ಧಂದೆ ಮಾಡ್ಕೊಂಡ್ರ ಲೈಸೆನ್ಸ್ ಬೇಕು. ಫೀ ಕಟ್ಟೋ ದಿನ ಹತ್ರ ಐತಿ ಅಂತ ಡೀಲರ್‌ಗೆ ಮಾತ್ರ ಹೇಳಬ್ಯಾಡ್ರಿ.

ರಾಮದುರ್ಗದಿಂದ 8ನೇ ತರಗತಿ ವಿದ್ಯಾರ್ಥಿನಿ: ನಮ್ಮಜ್ಜ ನನಗೊಂದು ಸಣ್ಣ ತಾಮ್ರದ ನಾಣ್ಯ ಕೊಟ್ಟಾರ. 1/12 ಆಣೆ, 1901, ರಾಣಿ ಚಿತ್ರ ಐತಿ. ಇದು ಎಷ್ಟಕ್ಕ ಮಾರ್ತೈತಿ?

ಅದಕ್ಕ ಪೈ ಅಂತಾರ ಪುಟ್ಟಿ. ಮೂರು ಪೈಗೆ ಒಂದು ಪೈಸೆ, ನಾಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ, ಅಂದ್ರ ನಿನ್ನ ಕೈಯಾಗಿರೋದು ರೂಪಾಯಿಯ 192ನೇ ಒಂದು ಭಾಗ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿ 22ಕ್ಕ, ಹಂಗಾಗಿ ಆಕಿ ಹೆಸರಿನ ಕಡೀ ಇಸವಿಗಳಾಗ ಇದೊಂದು. ಮಾರಿದ್ರ ಐವತ್ತೋ ನೂರೋ ಬರಬಹುದು. ಒಂದು ಸಣ್ಣ ಕಾಗದದ ಲಕೋಟಿ ಮ್ಯಾಲ ಅಜ್ಜನ ಹೆಸರು, ಕೊಟ್ಟ ತಾರೀಖು ಬರೆದು, ನಾಣ್ಯ ಅದರಾಗ ಹಾಕಿ ಇಡು, ತಿಕ್ಕಬ್ಯಾಡ. ಅದು ಅಜ್ಜನ ಕಡೆ ಯಾರಿಂದ ಬಂತು ಅಂತ ಈ ಭಾನುವಾರ ಕೇಳಿ ಅದನ್ನೂ ಬರೆದಿಡು.